ಕೊಳವೆ ತೆಗೆದ ಮೇಲೂ ಕೇಳಬೇಕಾದ ಉಸಿರು

(ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸದಸ್ಯರು, ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಕುಡಿಯುವ ನೀರು, ಚರಂಡಿ, ಬೀದಿದೀಪ, ಉದ್ಯೋಗ ಖಾತರಿ ಕಾಮಗಾರಿಗಳು ಚರ್ಚೆಗೆ ಬರುವುದು ವಾಡಿಕೆ. ಮಗುವಿನ ಗಂಟಲೊಳಗಿನ ನಾಲ್ಕೈದು ಮಿಲಿಮೀಟರ್ ಅಗಲದ ದಾರಿಯೊಂದು ಚರ್ಚೆಗೆ ಬರುವುದು ಅಪರೂಪ. ಇಂದಿನ ವಿಷಯ ಅದೇ. ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ದಿನಗಟ್ಟಲೆ ಉಸಿರಾಟದ ಕೊಳವೆ ಹಾಕಿಸಿಕೊಂಡು, ಸಾವಿನ ದವಡೆಯಿಂದ ಪಾರಾಗಿ ಮನೆಗೆ ಬಂದ ಎಳೆಯ ಮಕ್ಕಳಲ್ಲಿ ಕೆಲವರಿಗೆ, ಕೆಲವು ವಾರಗಳ ನಂತರ ಉಸಿರಿನ ದಾರಿ ಕಿರಿದಾಗತೊಡಗುತ್ತದೆ. ಧ್ವನಿಪೆಟ್ಟಿಗೆಯ ಕೆಳಭಾಗದಲ್ಲಿ ಆಗುವ ಈ ಕಿರಿದಾಗುವಿಕೆಯನ್ನು ವೈದ್ಯರು ಸಬ್‌ಗ್ಲಾಟಿಕ್ ಸ್ಟೆನೋಸಿಸ್ ಎನ್ನುತ್ತಾರೆ.

ಈ ತೊಂದರೆಯ ಬೀಜ ಆಸ್ಪತ್ರೆಯಲ್ಲಿ ಬಿದ್ದಿದ್ದರೂ ಅದು ಮೊಳೆಯುವುದು ಮನೆಯಲ್ಲಿ. ಅದರ ಮೊದಲ ಸದ್ದನ್ನು ಕೇಳುವವರು ತಾಯಿ, ಅಜ್ಜಿ, ಆಶಾ ಕಾರ್ಯಕರ್ತೆ. ಅವರು ಅದನ್ನು ನೆಗಡಿಯೆಂದೋ ದಮ್ಮೆಂದೋ ಭಾವಿಸಿ ಮನೆಮದ್ದಿನಲ್ಲಿ ದಿನ ಕಳೆದರೆ, ಒಮ್ಮೆ ಉಳಿಸಿಕೊಂಡ ಮಗುವನ್ನು ಎರಡನೆಯ ಬಾರಿ ಕಳೆದುಕೊಳ್ಳುವ ಅಪಾಯವಿದೆ. ಆದ್ದರಿಂದ ತಜ್ಞ ವೈದ್ಯರಿಗೆ ಸೇರಿದ್ದೆಂದು ತೋರುವ ಈ ವಿಷಯದಲ್ಲಿ ಊರಿಗೂ ಒಂದು ಪಾಲಿದೆ. ಆ ಪಾಲು ಯಾವುದೆಂಬುದನ್ನು ತಿಳಿಸುವುದೇ ಈ ಉಪನ್ಯಾಸದ ಉದ್ದೇಶ.

ಉಸಿರಾಟದ ಕೊಳವೆಯ ಅಗತ್ಯ ಯಾವ ಮಕ್ಕಳಿಗೆ ಬೀಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಅವಧಿಗೆ ಮುನ್ನ ಜನಿಸಿ, ಶ್ವಾಸಕೋಶಗಳು ಇನ್ನೂ ಬಲಿಯದ ಶಿಶುಗಳು ಮೊದಲನೆಯವರು. ಹುಟ್ಟಿದೊಡನೆ ಅಳದ ಮಗು, ತೀವ್ರ ನ್ಯುಮೋನಿಯಾ ಅಥವಾ ಮೆದುಳು ಜ್ವರ ತಗುಲಿದ ಮಗು, ಅಪಘಾತದಲ್ಲಿ ತಲೆಗೆ ಪೆಟ್ಟಾದ ಮಗು ನಂತರದವರು. ಇವು ಎಲ್ಲ ಊರುಗಳಿಗೂ ಸಮಾನ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಈ ಭತ್ತದ ಸೀಮೆಯಲ್ಲಿ ಇನ್ನೆರಡು ಕಾರಣಗಳನ್ನು ವಿಶೇಷವಾಗಿ ಗಮನದಲ್ಲಿಡಬೇಕು: ಕೀಟನಾಶಕ ಮತ್ತು ಹಾವು.

ಭತ್ತಕ್ಕೆ ಸಿಂಪಡಿಸುವ ಔಷಧಿಗಳಲ್ಲಿ ಆರ್ಗ್ಯಾನೋಫಾಸ್ಫೇಟ್ ವರ್ಗದವು ಹೊಟ್ಟೆ ಸೇರಿದರೆ ನರ ಮತ್ತು ಸ್ನಾಯುಗಳ ನಡುವಣ ಸಂಪರ್ಕವನ್ನು ಕೆಡಿಸುತ್ತವೆ. ಮೊದಲ ದಿನದ ಚಿಕಿತ್ಸೆಯಿಂದ ರೋಗಿ ಚೇತರಿಸಿಕೊಂಡಂತೆ ಕಂಡರೂ, ಒಂದರಿಂದ ನಾಲ್ಕು ದಿನಗಳೊಳಗೆ ಕುತ್ತಿಗೆ ಮತ್ತು ಎದೆಯ ಸ್ನಾಯುಗಳು ಸೋತು ಉಸಿರಾಟ ನಿಲ್ಲುವ ಸಂಭವವಿರುತ್ತದೆ. ಆಗ ವೆಂಟಿಲೇಟರ್ ಅನಿವಾರ್ಯ. ಅದು ಒಂದೆರಡು ವಾರಗಳವರೆಗೂ ಬೇಕಾಗಬಹುದು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇವಾಲಯದಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ಮೃತಪಟ್ಟ ದುರಂತವನ್ನು ನಾಡು ಮರೆತಿಲ್ಲ. ಅಂದು ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಹಲವರಿಗೆ ಮೈಸೂರಿನ ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ನೆರವು ಬೇಕಾಯಿತು. ಅಂತಹ ದೊಡ್ಡ ದುರಂತ ಎಲ್ಲೆಡೆ ನಡೆಯದಿದ್ದರೂ, ತಂಪು ಪಾನೀಯದ ಬಾಟಲಿಯಲ್ಲಿ ಉಳಿಸಿಟ್ಟ ಔಷಧಿಯನ್ನು ಮಗುವೊಂದು ಬಾಯಿಗಿಡುವ ಸಾಧ್ಯತೆ ಪ್ರತಿಯೊಂದು ರೈತನ ಮನೆಯಲ್ಲೂ ಇದೆ.

ಹಾವಿನ ವಿಷಯವೂ ಹಾಗೆಯೇ. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರಗಳ ಮೇಲೆ ಎರಗುತ್ತದೆ. ಕಟ್ಟುಹಾವು ರಾತ್ರಿ ವೇಳೆ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ಕಚ್ಚಿದ ಗುರುತೂ ನೋವೂ ಅಷ್ಟಾಗಿ ಇರುವುದಿಲ್ಲ. ರೆಪ್ಪೆ ಜೋತು, ನುಂಗಲಾಗದೆ, ಕೊನೆಗೆ ಉಸಿರಾಟ ಸೋಲುತ್ತದೆ. ಪ್ರತಿವಿಷದೊಂದಿಗೆ ವೆಂಟಿಲೇಟರ್ ದೊರೆತರೆ ಮಗು ಉಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕೊಳವೆ ಜೀವರಕ್ಷಕ. ಅದರಿಂದ ಮುಂದೆ ತೊಂದರೆಯಾಗಬಹುದೆಂಬ ಭಯದಿಂದ ಯಾವ ತಂದೆತಾಯಿಯೂ ವೆಂಟಿಲೇಟರ್ ಬೇಡವೆನ್ನಬಾರದು. ಉಸಿರು ನಿಂತ ಮಗುವಿಗೆ ಉಳಿದಿರುವುದು ನಿಮಿಷಗಳು ಮಾತ್ರ. ಕಿರಿದಾದ ದಾರಿಗೆ ಚಿಕಿತ್ಸೆಯಿದೆ. ಈ ಉಪನ್ಯಾಸದಿಂದ ಕೊಳವೆಯ ಬಗ್ಗೆ ಅಂಜಿಕೆ ಹುಟ್ಟಿದರೆ ಇದರ ಉದ್ದೇಶವೇ ಕೆಟ್ಟಂತೆ.

ಇನ್ನು ಗಂಟಲಿನ ರಚನೆ. ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳ ಆರಂಭವಾಗುತ್ತದೆ. ಶ್ವಾಸನಾಳದ ಮೃದ್ವಸ್ಥಿಗಳು ಕುದುರೆ ಲಾಳದ ಆಕಾರದವು. ಹಿಂಬದಿಯಲ್ಲಿ ಮೆತ್ತಗಿರುವುದರಿಂದ ಸ್ವಲ್ಪ ಹಿಗ್ಗಬಲ್ಲವು. ಆದರೆ ಧ್ವನಿಪೆಟ್ಟಿಗೆಗೆ ತಾಗಿಕೊಂಡಿರುವ ಕ್ರೈಕಾಯ್ಡ್ ಎಂಬ ಮೃದ್ವಸ್ಥಿ ಮಾತ್ರ ಪೂರ್ಣ ಉಂಗುರ. ಉಸಿರಿನ ದಾರಿಯಲ್ಲಿ ಸುತ್ತಲೂ ಮುಚ್ಚಿದ ಉಂಗುರ ಇದೊಂದೇ. ಒಳಗೆ ಬಾವು ಬಂದರೆ ಅದು ಹೊರಕ್ಕೆ ಹಿಗ್ಗಲಾರದು. ಬಾವೆಲ್ಲ ಒಳಕ್ಕೆ, ಗಾಳಿಯ ದಾರಿಗೇ ಚಾಚುತ್ತದೆ. ತುಂಬು ಅವಧಿಗೆ ಜನಿಸಿದ ಶಿಶುವಿನಲ್ಲಿ ಈ ಉಂಗುರದ ಒಳ ಅಗಲ ಸುಮಾರು 4.5ರಿಂದ 5.5 ಮಿಲಿಮೀಟರ್. 4 ಮಿಲಿಮೀಟರಿಗಿಂತ ಕಡಿಮೆಯಾದರೆ ಅದನ್ನು ಕಿರಿದಾದ ದಾರಿ ಎಂದು ಪರಿಗಣಿಸಲಾಗುತ್ತದೆ.

ಅಳತೆ ಇಷ್ಟು ಸಣ್ಣದಾಗಿರುವಾಗ ಒಂದು ಮಿಲಿಮೀಟರ್ ಬಾವಿಗೆ ಎಷ್ಟು ಬೆಲೆ ಎಂಬುದನ್ನು ನೀರಿನ ಕೊಳವೆಯ ಲೆಕ್ಕದಿಂದಲೇ ತಿಳಿಯಬಹುದು. ಕೊಳವೆಯ ವ್ಯಾಸ ಅರ್ಧಕ್ಕೆ ಇಳಿದರೆ ಅದರ ಅಡ್ಡಕೊಯ್ತದ ಕ್ಷೇತ್ರ ಕಾಲುಭಾಗಕ್ಕೆ ಇಳಿಯುತ್ತದೆ. ಶಾಂತವಾದ ಹರಿವಿಗೆ ಎದುರಾಗುವ ತಡೆ ಮಾತ್ರ 16 ಪಟ್ಟು ಏರುತ್ತದೆ. ಗಾಳಿಗೂ ಇದೇ ನಿಯಮ. ಅಗಲ 4 ಮಿಲಿಮೀಟರ್ ಇರುವ ದಾರಿಯಲ್ಲಿ ಸುತ್ತಲೂ ಒಂದು ಮಿಲಿಮೀಟರ್ ಬಾವು ಬಂದರೆ ಉಳಿಯುವುದು 2 ಮಿಲಿಮೀಟರ್. ತಡೆ 16 ಪಟ್ಟು. ಮಗು ಅಳತೊಡಗಿದರೆ ಗಾಳಿ ಸುಳಿ ಸುಳಿಯಾಗಿ ಹರಿದು ಆ ತಡೆ ಇನ್ನೂ ಹೆಚ್ಚುತ್ತದೆ. ಅದೇ ಒಂದು ಮಿಲಿಮೀಟರ್ ಬಾವು 16 ಮಿಲಿಮೀಟರ್ ಅಗಲದ ದಾರಿಯುಳ್ಳ ದೊಡ್ಡವರಲ್ಲಿ ಬಂದರೆ ತಡೆ ಎರಡು ಪಟ್ಟೂ ಆಗುವುದಿಲ್ಲ. ದೊಡ್ಡವರಿಗೆ ಗಂಟಲು ಕೆರೆತವಾಗಿ ಮುಗಿಯುವ ನೆಗಡಿ, ಇಂತಹ ಮಗುವಿಗೆ ಪ್ರಾಣಸಂಕಟವಾಗುವುದು ಈ ಕಾರಣದಿಂದ. ಕಾಲುವೆಯ ಕೊನೆಯ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೊಲ ಎಷ್ಟೇ ವಿಶಾಲವಾಗಿರಲಿ, ತೂಬಿನ ಬಾಯಲ್ಲಿ ಹೂಳು ನಿಂತರೆ ಪೈರು ಒಣಗುತ್ತದೆ.

ಈ ಹೂಳು ಗಂಟಲಲ್ಲಿ ಹೇಗೆ ಕೂಡುತ್ತದೆ? ಶ್ವಾಸನಾಳದ ಒಳಗೋಡೆಗೆ ತೆಳುವಾದ ಲೋಳೆಪೊರೆಯಿದೆ. ಅದರೊಳಗೆ ಕೂದಲಿಗಿಂತ ನವಿರಾದ ರಕ್ತನಾಳಗಳಿವೆ. ಕೊಳವೆ ಉಂಗುರದೊಳಗೆ ಬಿಗಿಯಾಗಿ ಕುಳಿತು, ಆ ರಕ್ತನಾಳಗಳೊಳಗಿನ ಒತ್ತಡವನ್ನು ಮೀರಿ ಒತ್ತಿದರೆ ಅಲ್ಲಿ ರಕ್ತ ಹರಿಯುವುದು ನಿಲ್ಲುತ್ತದೆ. ಪೊರೆ ಬಾಡಿ ಹುಣ್ಣಾಗುತ್ತದೆ. ಹುಣ್ಣು ಆಳಕ್ಕಿಳಿದರೆ ಮೃದ್ವಸ್ಥಿಯ ಹೊದಿಕೆಗೂ ಸೋಂಕು ತಗಲುತ್ತದೆ. ದೇಹ ಆ ಗಾಯವನ್ನು ಮಾಯಿಸಲು ಹೊಸ ಮಾಂಸ ಬೆಳೆಸುತ್ತದೆ. ಕ್ರಮೇಣ ಅದು ಗಟ್ಟಿಯಾದ ಕಲೆಯಾಗಿ, ಕಲೆಯ ಸ್ವಭಾವದಂತೆ ಸಂಕುಚಿಸುತ್ತ ಹೋಗುತ್ತದೆ. ಸುಟ್ಟ ಗಾಯ ಮಾದ ಮೇಲೆ ಚರ್ಮ ಬಿಗಿದು ಬೆರಳು ಮಡಚಿಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಉಂಗುರದ ಒಳಗೂ ನಡೆಯುವುದು ಅದೇ.

ಗಾಯ ಮಾಯಲು ಸಮಯ ಬೇಕು. ಕಲೆ ಬಿಗಿಯಲು ಇನ್ನಷ್ಟು ಸಮಯ ಬೇಕು. ಕೊಳವೆ ತೆಗೆದ ದಿನ ಮಗು ಚೆನ್ನಾಗಿ ಉಸಿರಾಡಿ, ವಾರದೊಳಗೆ ಮನೆಗೆ ಬಂದು, ಎರಡರಿಂದ ಆರು ವಾರಗಳ ನಂತರ, ಕೆಲವೊಮ್ಮೆ ತಿಂಗಳುಗಳ ನಂತರ, ಸದ್ದು ಆರಂಭವಾಗುವುದರ ಗುಟ್ಟು ಇದು. ಬಿಡುಗಡೆಯ ದಿನ ವೈದ್ಯರು ಮಗುವನ್ನು ಪರೀಕ್ಷಿಸಿ ಎಲ್ಲವೂ ಸರಿಯಾಗಿದೆ ಎಂದಿದ್ದರೆ ಅದು ಅಂದಿನ ಮಟ್ಟಿಗೆ ನಿಜ.

ವೈದ್ಯಶಾಸ್ತ್ರದ ಇತಿಹಾಸದಲ್ಲಿ ಈ ಕಾಯಿಲೆ ಒಂದು ಗೆಲುವಿನ ಬೆನ್ನಿಗೇ ಬಂದದ್ದು. ಗಂಟಲಮಾರಿ ಮಕ್ಕಳನ್ನು ಉಸಿರುಗಟ್ಟಿಸಿ ಕೊಲ್ಲುತ್ತಿದ್ದ ಕಾಲದಲ್ಲಿ, ನ್ಯೂಯಾರ್ಕಿನ ಜೋಸೆಫ್ ಓಡ್ವೈಯರ್ ಎಂಬ ವೈದ್ಯರು ಧ್ವನಿಪೆಟ್ಟಿಗೆಯೊಳಗೆ ಲೋಹದ ಕೊಳವೆ ಇಳಿಸಿ ಮಕ್ಕಳನ್ನು ಉಳಿಸುವ ವಿಧಾನವನ್ನು 1885ರಲ್ಲಿ ಪ್ರಕಟಿಸಿದರು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹರಡಿದಾಗ, ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಕುಳಿತು, ಕುತ್ತಿಗೆಯ ರಂಧ್ರದ ಮೂಲಕ ರೋಗಿಗಳಿಗೆ ಕೈಚೀಲ ಒತ್ತಿ ಉಸಿರು ಕೊಟ್ಟರು. ಇಂದಿನ ತೀವ್ರ ನಿಗಾ ಘಟಕಗಳ ಬೇರು ಅಲ್ಲಿದೆ. ಕುತ್ತಿಗೆ ಕೊಯ್ಯದೆ ಮೂಗಿನ ಮೂಲಕವೇ ಹಲವು ದಿನ ಕೊಳವೆ ಇರಿಸಬಹುದೆಂದು ಆಸ್ಟ್ರೇಲಿಯದ ಮ್ಯಾಕ್‌ಡೊನಾಲ್ಡ್ ಮತ್ತು ಸ್ಟಾಕ್ಸ್ 1965ರಲ್ಲಿ ವರದಿ ಮಾಡಿದರು. ಅಲ್ಲಿಂದ ಮುಂದೆ, ಹಿಂದೆ ಬದುಕುವ ಆಸೆಯೇ ಇಲ್ಲದಿದ್ದ ಶಿಶುಗಳು ಬದುಕತೊಡಗಿದರು. ಬದುಕಿದವರಲ್ಲೇ ಕೆಲವರ ಗಂಟಲಲ್ಲಿ ಈ ಕಲೆ ಕಾಣಿಸಿಕೊಂಡಿತು.

ಆ ಅನುಭವದಿಂದ ಆಸ್ಪತ್ರೆಗಳು ಪಾಠ ಕಲಿತಿವೆ. ಮಗುವಿನ ತೂಕಕ್ಕೆ ತಕ್ಕ ಕೊಳವೆ ಆರಿಸುವುದು ಮೊದಲ ಪಾಠ: ಒಂದು ಕಿಲೋಗಿಂತ ಕಡಿಮೆ ತೂಕದ ಶಿಶುವಿಗೆ 2.5 ಮಿಲಿಮೀಟರ್ ಒಳವ್ಯಾಸದ್ದು, ಒಂದರಿಂದ ಎರಡು ಕಿಲೋವರೆಗೆ 3 ಮಿಲಿಮೀಟರಿನದು, ಅದಕ್ಕೂ ದೊಡ್ಡ ಶಿಶುವಿಗೆ ಸಾಮಾನ್ಯವಾಗಿ 3.5 ಮಿಲಿಮೀಟರಿನದು. ಕೊಳವೆ ಅಲುಗಾಡದಂತೆ ಬಿಗಿದಿಡುವುದು, ಪದೇ ಪದೇ ತೆಗೆದು ಹಾಕುವ ಸಂದರ್ಭ ಬರದಂತೆ ನೋಡಿಕೊಳ್ಳುವುದು, ಕೊಳವೆಯ ಸುತ್ತಲಿನ ಗಾಳಿಬುರುಡೆಯ ಒತ್ತಡವನ್ನು ಅಳೆಯುವುದು, ಸಾಧ್ಯವಾದ ಮೊದಲ ದಿನವೇ ಕೊಳವೆ ತೆಗೆಯುವುದು ಉಳಿದ ಪಾಠಗಳು. ಎಷ್ಟೋ ಶಿಶುಗಳಿಗೆ ಇಂದು ಗಂಟಲೊಳಗೆ ಕೊಳವೆ ಇಳಿಸದೆ, ಮೂಗಿನ ಬಳಿಯೇ ಒತ್ತಡದ ಗಾಳಿ ನೀಡುವ ಸಿ-ಪ್ಯಾಪ್ ಉಪಕರಣದಿಂದ ಉಸಿರು ಕೊಡಲಾಗುತ್ತದೆ. ಹೀಗಾಗಿ ತೊಂದರೆ ಮೊದಲಿಗಿಂತ ವಿರಳವಾಗಿದೆ, ಇಲ್ಲವಾಗಿಲ್ಲ. ಎಷ್ಟೇ ಎಚ್ಚರಿಕೆ ವಹಿಸಿದರೂ ಕೆಲವು ಮಕ್ಕಳಲ್ಲಿ ಅದು ಉಂಟಾಗುತ್ತದೆ. ಆದ್ದರಿಂದ ಸದ್ದು ಕೇಳಿದೊಡನೆ ಯಾರನ್ನಾದರೂ ದೂರುವ ಅವಸರ ಬೇಡ. ಮಗುವನ್ನು ತೋರಿಸುವ ಅವಸರ ಬೇಕು.

ಆ ಸದ್ದು ಹೇಗಿರುತ್ತದೆ? ಉಸಿರು ಒಳಕ್ಕೆ ಎಳೆಯುವಾಗ ಕರ್ಕಶವಾದ, ಕೀರಿದಂತಹ ಶಬ್ದ. ದಾರಿ ಇನ್ನಷ್ಟು ಕಿರಿದಾದಾಗ ಎಳೆಯುವಾಗಲೂ ಬಿಡುವಾಗಲೂ ಶಬ್ದ. ಇದನ್ನು ವೈದ್ಯರು ಸ್ಟ್ರೈಡರ್ ಎನ್ನುತ್ತಾರೆ. ದಮ್ಮಿನಲ್ಲಿ ಶಿಳ್ಳೆಯಂತಹ ಸದ್ದು ಮುಖ್ಯವಾಗಿ ಉಸಿರು ಹೊರಬಿಡುವಾಗ ಎದೆಯಿಂದ ಬರುತ್ತದೆ. ಇದು ಗಂಟಲಿನಿಂದ ಬರುತ್ತದೆ. ದಮ್ಮಿಗೆ ಕೊಡುವ ಹಬೆಯ ಔಷಧದಿಂದ ಇದು ಇಳಿಯುವುದಿಲ್ಲ. ಅಳುವಾಗ, ಹಾಲು ಕುಡಿಯುವಾಗ, ನೆಗಡಿಯಾದಾಗ ಜೋರಾಗುತ್ತದೆ. ಅಳುವಿನ ಧ್ವನಿ ಒಡಕಾಗಿರಬಹುದು. ಮಗು ಎರಡು ಗುಟುಕು ಕುಡಿದು ಬಿಡುತ್ತದೆ, ತೂಕ ಏರುವುದಿಲ್ಲ. ನಾಯಿ ಬೊಗಳಿದಂತಹ ಕೆಮ್ಮು ಮೇಲಿಂದ ಮೇಲೆ ಬರುತ್ತದೆ. ಕೊಳವೆ ಹಾಕಿಸಿಕೊಂಡಿದ್ದ ಮಗುವಿನಲ್ಲಿ ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ವಾರದೊಳಗೆ ವೈದ್ಯರಿಗೆ ತೋರಿಸಬೇಕು.

ಕೂಡಲೇ 108ಕ್ಕೆ ಕರೆ ಮಾಡಬೇಕಾದ ಚಿಹ್ನೆಗಳು ಬೇರೆ ಇವೆ. ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವೆ, ಎದೆಯ ಕೆಳಗೆ, ಕೊರಳ ಗುಳಿಯಲ್ಲಿ ಚರ್ಮ ಒಳಕ್ಕೆ ಸೆಳೆದುಕೊಳ್ಳುವುದು, ಮೂಗಿನ ಹೊಳ್ಳೆ ಅರಳುವುದು, ತುಟಿ ನೀಲಿಯಾಗುವುದು, ಕುಡಿಯಲು ಆಗದಿರುವುದು, ಮಂಕಾಗಿ ತೂಕಡಿಸುವುದು. ಆಶಾ ಕಾರ್ಯಕರ್ತೆಯರು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಲು ಕಲಿತಿದ್ದಾರೆ: ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚಾದರೆ ಅಪಾಯ. ಆ ಎಣಿಕೆ ನ್ಯುಮೋನಿಯಾಗೆ ಸರಿಯಾದ ಅಳತೆ. ಗಂಟಲು ಕಿರಿದಾದ ಮಗು ವೇಗವಾಗಿ ಉಸಿರಾಡದೆ ನಿಧಾನವಾಗಿ, ಕಷ್ಟಪಟ್ಟು ಎಳೆಯಬಹುದು. ಎಣಿಕೆ ಸರಿಯಾಗಿಯೇ ಬರಬಹುದು. ಎಣಿಸುವುದರ ಜೊತೆಗೆ ಅಂಗಿ ಬಿಚ್ಚಿ ಎದೆಯನ್ನು ನೋಡಬೇಕು, ಕಿವಿಗೊಟ್ಟು ಕೇಳಬೇಕು. ಇನ್ನೊಂದು ಎಚ್ಚರಿಕೆ: ಎದೆ ಸೆಳೆಯುತ್ತಲೇ ಇದ್ದು ಸದ್ದು ಮಾತ್ರ ಕಡಿಮೆಯಾದರೆ ಅದು ಗುಣದ ಲಕ್ಷಣವಲ್ಲ. ಒಳಗೆ ಹೋಗುವ ಗಾಳಿಯೇ ಕಡಿಮೆಯಾಗಿದೆ ಎಂದರ್ಥ.

ಆಂಬುಲೆನ್ಸ್ ಬರುವವರೆಗೆ ಮಗುವನ್ನು ತಾಯಿಯ ತೊಡೆಯ ಮೇಲೆ, ಅದಕ್ಕೆ ಹಿತವಾದ ಭಂಗಿಯಲ್ಲಿ ಇರಿಸಬೇಕು, ಅಳಿಸಬಾರದು. ಬಾಯೊಳಗೆ ಬೆರಳು ಹಾಕಬಾರದು. ಮೂಗಿಗೆ ಎಣ್ಣೆ ಬಿಡಬಾರದು. ಏದುಸಿರು ಬಿಡುವಾಗ ಹಾಲು, ನೀರು, ಕಷಾಯ ಕುಡಿಸಬಾರದು. ಹೊಟ್ಟೆಗೆ, ಎದೆಗೆ ಬರೆ ಹಾಕುವ ಪದ್ಧತಿಯನ್ನು ಪೂರ್ಣವಾಗಿ ಕೈಬಿಡಬೇಕು. ಬರೆಯಿಂದ ಮಗು ಚೀರುತ್ತದೆ. ಚೀರಿದಾಗ ಈಗಾಗಲೇ ಕಿರಿದಾದ ದಾರಿಯಲ್ಲಿ ತಡೆ ಎಷ್ಟು ಏರುತ್ತದೆಂಬುದನ್ನು ಮೇಲಿನ ಲೆಕ್ಕವೇ ಹೇಳಿದೆ.

ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ವಾಕ್ಯ ಒಂದೇ: ಈ ಮಗುವಿಗೆ ಇಂತಿಷ್ಟು ದಿನ ಉಸಿರಾಟದ ಕೊಳವೆ ಹಾಕಿದ್ದರು. ಈ ವಾಕ್ಯ ಕಿವಿಗೆ ಬಿದ್ದೊಡನೆ ವೈದ್ಯರ ಯೋಚನೆಯ ದಿಕ್ಕು ಬದಲಾಗುತ್ತದೆ. ಇದನ್ನು ಹೇಳದಿದ್ದರೆ ಸದ್ದು ಮಾಡುವ ನೂರು ಮಕ್ಕಳಲ್ಲಿ ಇದೂ ಒಂದಾಗಿ, ನೆಗಡಿಯ ಔಷಧ ಪಡೆದು ಮನೆಗೆ ಮರಳುವ ಸಂಭವವಿದೆ. ಬಿಡುಗಡೆ ಚೀಟಿಯನ್ನು ತಾಯಿ ಕಾರ್ಡಿನೊಂದಿಗೆ ಜೋಪಾನವಾಗಿಡುವುದು ಇದೇ ಕಾರಣಕ್ಕೆ. ಮಗು ಮಲಗಿದಾಗಿನ ಮತ್ತು ಅಳುವಾಗಿನ ಉಸಿರಾಟವನ್ನು ಒಂದೊಂದು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋದರೆ ಇನ್ನೂ ಅನುಕೂಲ. ವೈದ್ಯರ ಮುಂದೆ ಹೋದಾಗ ಮಗು ಸುಮ್ಮನಿದ್ದು ಸದ್ದು ಕೇಳದಿರುವುದುಂಟು.

ಚಿಕಿತ್ಸೆಯ ದಾರಿ ಹೀಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಗಂಗಾವತಿಯ ಸರ್ಕಾರಿ ಆಸ್ಪತ್ರೆಯ ಮಕ್ಕಳ ವೈದ್ಯರಿಂದ ಆರಂಭಿಸಿ, ಕಿವಿ-ಮೂಗು-ಗಂಟಲು ವಿಭಾಗವಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬೇಕು. ಕೊಪ್ಪಳ, ಬಳ್ಳಾರಿ, ಹುಬ್ಬಳ್ಳಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅರಿವಳಿಕೆ ನೀಡಿ, ಸಣ್ಣ ದುರ್ಬೀನನ್ನು ಗಂಟಲೊಳಗೆ ಇಳಿಸಿ ನೋಡುವುದೇ ಖಚಿತ ಪರೀಕ್ಷೆ. ದಾರಿ ಎಷ್ಟು ಮುಚ್ಚಿದೆ ಎಂಬುದನ್ನು ನಾಲ್ಕು ದರ್ಜೆಗಳಲ್ಲಿ ಗುರುತಿಸುತ್ತಾರೆ: ಅರ್ಧದವರೆಗೆ ಮುಚ್ಚಿದ್ದರೆ ಮೊದಲನೆಯದು, ಶೇಕಡ 51ರಿಂದ 70 ಎರಡನೆಯದು, 71ರಿಂದ 99 ಮೂರನೆಯದು, ಪೂರ್ತಿ ಮುಚ್ಚಿದ್ದರೆ ನಾಲ್ಕನೆಯದು. 1994ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಈ ಅಳತೆಗೆ ಅದನ್ನು ರೂಪಿಸಿದ ಮಯರ್ ಮತ್ತು ಕಾಟನ್ ಅವರ ಹೆಸರಿದೆ.

ಮೊದಲ ದರ್ಜೆಯ ಮಕ್ಕಳಲ್ಲಿ ಹಲವರಿಗೆ ನಿಗಾ ಸಾಕು. ಮಗು ಬೆಳೆದಂತೆ ಉಂಗುರವೂ ಬೆಳೆಯುತ್ತದೆ. ಕಲೆ ಇನ್ನೂ ಮೆತ್ತಗಿರುವಾಗ ಬಲೂನ್ ಉಬ್ಬಿಸಿ ದಾರಿ ಹಿಗ್ಗಿಸುವ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಕೆಲವೊಮ್ಮೆ ಎರಡು ಮೂರು ಬಾರಿ ಮಾಡಬೇಕಾಗುತ್ತದೆ. ಕಲೆ ಗಟ್ಟಿಯಾದ ಮೇಲೆ ಬಲೂನಿಗೆ ಬಗ್ಗುವುದು ಕಷ್ಟ. ಆಗ ಉಂಗುರವನ್ನು ಸೀಳಿ, ಮಗುವಿನದೇ ಪಕ್ಕೆಲುಬಿನ ಮೃದ್ವಸ್ಥಿಯ ತುಂಡನ್ನು ಅಲ್ಲಿ ಕೂರಿಸಿ ದಾರಿ ಅಗಲಿಸುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇದು ದೊಡ್ಡ ನಗರಗಳ ಕೆಲವೇ ಕೇಂದ್ರಗಳಲ್ಲಿ ಲಭ್ಯ. ಬೇಗ ಬಂದ ಮಗುವಿಗೆ ಬಲೂನ್, ತಡವಾಗಿ ಬಂದ ಮಗುವಿಗೆ ಕತ್ತರಿ: ವಾರಗಳ ವಿಳಂಬಕ್ಕೆ ತೆರಬೇಕಾದ ಬೆಲೆ ಇದು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆದೇ ಹೊರಡುವುದು ಕ್ಷೇಮ.

ದಾರಿ ತೀರ ಕಿರಿದಾದ ಮಗುವಿಗೆ ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ ಸಣ್ಣ ಕೊಳವೆ ಕೂರಿಸುತ್ತಾರೆ. ಇದಕ್ಕೆ ಟ್ರಕಿಯಾಸ್ಟಮಿ ಎಂದು ಹೆಸರು. ಶಸ್ತ್ರಚಿಕಿತ್ಸೆಗೆ ದೇಹ ಅಣಿಯಾಗುವವರೆಗೆ, ತಿಂಗಳುಗಳು, ಕೆಲವೊಮ್ಮೆ ವರ್ಷಗಳ ಕಾಲ ಮಗು ಆ ಕೊಳವೆಯಿಂದಲೇ ಉಸಿರಾಡುತ್ತದೆ. ಅಂತಹ ಮಗು ಊರಿಗೆ ಬಂದಾಗ ಅದನ್ನು ನೋಡಿ ಬೆದರುವ, ದೂರವಿಡುವ, ಶಾಪವೆನ್ನುವ ಮಾತುಗಳು ಕೇಳಿಬರಬಾರದು. ಗಾಳಿ ಧ್ವನಿತಂತುಗಳನ್ನು ತಲುಪುವ ಮೊದಲೇ ಹೊರಬೀಳುವುದರಿಂದ ಆ ಮಗುವಿನ ಅಳು ಸಾಮಾನ್ಯವಾಗಿ ಕೇಳುವುದಿಲ್ಲ. ಹಸಿವಾದರೂ ನೋವಾದರೂ ಉಸಿರುಗಟ್ಟಿದರೂ ಅದು ಶಬ್ದವಿಲ್ಲದೆ ಅಳುತ್ತದೆ. ಆದ್ದರಿಂದ ರಾತ್ರಿಯೂ ಒಬ್ಬರು ಎಚ್ಚರವಿರಬೇಕು. ತಾಯಿಯೊಬ್ಬಳಿಂದ ಇದು ಸಾಧ್ಯವಿಲ್ಲ. ಮನೆಯ ಇನ್ನಿಬ್ಬರಾದರೂ ಕಫ ಹೀರುವುದನ್ನು, ಕೊಳವೆ ಕಟ್ಟಿಕೊಂಡರೆ ಬದಲಿಸುವುದನ್ನು ಆಸ್ಪತ್ರೆಯಲ್ಲಿಯೇ ಕಲಿತು ಬರಬೇಕು. ಅದೇ ಅಳತೆಯ ಒಂದು, ಅದಕ್ಕಿಂತ ಸಣ್ಣದಾದ ಒಂದು ಕೊಳವೆ ಸದಾ ಮಗುವಿನ ಬಳಿಯೇ ಇರಬೇಕು.

ಮೂಗು ಮಾಡುವ ಮೂರು ಕೆಲಸಗಳು, ಗಾಳಿಯನ್ನು ಸೋಸುವುದು, ಬೆಚ್ಚಗಾಗಿಸುವುದು, ತೇವಗೊಳಿಸುವುದು, ಇಂತಹ ಮಗುವಿಗೆ ಇಲ್ಲ. ಅಕ್ಕಿ ಗಿರಣಿಗಳ ತೌಡಿನ ದೂಳು, ಹೊಟ್ಟಿನ ಬೂದಿ, ಒಕ್ಕಣೆಯ ದೂಳು, ಕಟಾವಿನ ನಂತರ ಹುಲ್ಲು ಸುಡುವ ಹೊಗೆ, ಎಲ್ಲವೂ ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತವೆ. ಊರಿನಲ್ಲಿ ಅಂತಹ ಮಗುವಿದ್ದರೆ ಆ ಮನೆಯ ಸಮೀಪ ಬೂದಿ ಸುರಿಯದಂತೆ, ಹುಲ್ಲು ಸುಡದಂತೆ ನೋಡಿಕೊಳ್ಳುವುದು ಪಂಚಾಯಿತಿಯ ಕೈಯಲ್ಲಿರುವ ಕೆಲಸ. ಕಫ ಹೀರುವ ಯಂತ್ರಕ್ಕೆ ವಿದ್ಯುತ್ ಬೇಕು. ಜೆಸ್ಕಾಂ ಕಚೇರಿಗೆ ಆ ಮನೆಯ ವಿವರ ನೀಡಿ, ವಿದ್ಯುತ್ ನಿಲುಗಡೆಯ ಮುನ್ಸೂಚನೆ ತಲುಪುವಂತೆ ಕೋರಬಹುದು. ವಿದ್ಯುತ್ ಇಲ್ಲದಾಗ ಕಾಲಿನಿಂದ ಒತ್ತುವ ಯಂತ್ರ ಉಪಯೋಗಕ್ಕೆ ಬರುತ್ತದೆ. ಸ್ನಾನದ ನೀರು ಕುತ್ತಿಗೆಗೆ ಬೀಳಬಾರದು. ಕಾಲುವೆಯ ದಡಕ್ಕೆ ಅಂತಹ ಮಗುವನ್ನು ಬಿಡಲೇಬಾರದು. ಅಂಗನವಾಡಿಗೆ, ಶಾಲೆಗೆ ಅದು ಬರಲೇಬೇಕು. ಶಿಕ್ಷಕಿಗೆ ಒಂದು ದಿನದ ತಿಳಿವಳಿಕೆ ಸಾಕು.

ಈಗ ವ್ಯವಸ್ಥೆಯ ಪ್ರಶ್ನೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನಗಳಂದು ಭೇಟಿ ನೀಡುತ್ತಾರೆ. ನಂತರದ ಭೇಟಿಗಳು 3, 6, 9, 12 ಮತ್ತು 15ನೇ ತಿಂಗಳಲ್ಲಿ. ಗಂಟಲಿನ ಕಲೆ ಬಿಗಿಯುವ ಕಾಲ 42ನೇ ದಿನಕ್ಕೂ ಮೂರನೇ ತಿಂಗಳಿಗೂ ನಡುವೆ ಬೀಳಬಹುದು. ಅದು ಭೇಟಿಯಿಲ್ಲದ ಅವಧಿ. ಕೀಟನಾಶಕ ಸೇವಿಸಿಯೋ ಹಾವು ಕಚ್ಚಿಯೋ ವೆಂಟಿಲೇಟರ್ ಕಂಡುಬಂದ ಮೂರು ವರ್ಷದ ಮಗುವಿಗಂತೂ ಇಂತಹ ಯಾವ ನಿಗದಿತ ಭೇಟಿಯೂ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರುವುದು ವರ್ಷಕ್ಕೆ ಎರಡು ಬಾರಿ. ಯಾರ ಕರ್ತವ್ಯಲೋಪವೂ ಇಲ್ಲದೆ, ವೇಳಾಪಟ್ಟಿಗಳ ಸಂದಿಯಲ್ಲಿ ಮಗುವೊಂದು ಜಾರಿಹೋಗಬಹುದು.

ಈ ಸಂದಿಯನ್ನು ಮುಚ್ಚಲು ಹೊಸ ಅನುದಾನ ಬೇಕಿಲ್ಲ. ಗ್ರಾಮ ಆರೋಗ್ಯ ಸಮಿತಿಯ ವಹಿಯಲ್ಲಿ ಒಂದು ಪುಟ ಸಾಕು. ತೀವ್ರ ನಿಗಾ ಘಟಕದಿಂದ ಮರಳಿದ ಐದು ವರ್ಷದೊಳಗಿನ ಪ್ರತಿ ಮಗುವಿನ ಮನೆಯವರನ್ನು ಮೂರು ಪ್ರಶ್ನೆ ಕೇಳಬೇಕು: ಕೊಳವೆ ಹಾಕಿದ್ದರೇ? ಎಷ್ಟು ದಿನ? ತೆಗೆದ ತಾರೀಖು ಯಾವುದು? ಉತ್ತರಗಳನ್ನು ಆ ಪುಟದಲ್ಲಿ ಬರೆದು, ಕೊಳವೆ ತೆಗೆದ ದಿನದಿಂದ 2, 4, 8 ಮತ್ತು 12ನೇ ವಾರಗಳಲ್ಲಿ ಆಶಾ ಕಾರ್ಯಕರ್ತೆಯೋ ಅಂಗನವಾಡಿ ಕಾರ್ಯಕರ್ತೆಯೋ ಆ ಮನೆಗೆ ಹೋಗಿ, ಮಗುವಿನ ಉಸಿರನ್ನು ಐದು ನಿಮಿಷ ಕೇಳಿ, ಎದೆ ನೋಡಿ, ತೂಕ ಬರೆದುಕೊಂಡು ಬರಬೇಕು. ಮಗುವಿನ ಹೆಸರು, ವಿವರ ವಹಿಯಿಂದ ಆಚೆಗೆ ಹೋಗಬಾರದು. ತೆಲುಗು ಮನೆಮಾತಾಗಿರುವ ಕುಟುಂಬಗಳು ಈ ಭಾಗದಲ್ಲಿ ಬಹಳ. ಅಂತಹ ಮನೆಗಳಲ್ಲಿ ಈ ಪ್ರಶ್ನೆಗಳನ್ನು ತೆಲುಗಿನಲ್ಲಿಯೇ ಕೇಳುವುದು ಒಳಿತು. ಕೆಲಸಕ್ಕಾಗಿ ವಲಸೆ ಬಂದ ಕೂಲಿಕಾರರ ಮಕ್ಕಳು ಪಟ್ಟಿಯಿಂದ ತಪ್ಪಿಹೋಗದಂತೆ ಗಿರಣಿಗಳ ಆವರಣದಲ್ಲೂ ಕೇಳಬೇಕು.

ಕೊಳವೆಯ ಅಗತ್ಯವೇ ಬೀಳದಂತೆ ಮಾಡುವುದು ಎಲ್ಲಕ್ಕಿಂತ ಮೇಲು. ಅದರ ಬಹುಪಾಲು ಊರಿನಲ್ಲೇ ಇದೆ. ಕೀಟನಾಶಕವನ್ನು ಅದರ ಮೂಲ ಡಬ್ಬಿಯಲ್ಲೇ, ಮಕ್ಕಳಿಗೆ ಎಟುಕದ ಎತ್ತರದಲ್ಲಿ, ಬೀಗ ಹಾಕಿ ಇಡಬೇಕು. ಕುಡಿಯುವ ಬಾಟಲಿಗೆ ಎಂದಿಗೂ ಸುರಿಯಬಾರದು. ಮಕ್ಕಳನ್ನು ಮಂಚದ ಮೇಲೆ, ಅಂಚು ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗಿಸಿದರೆ ಕಟ್ಟುಹಾವಿನಿಂದಲೂ ರಕ್ಷಣೆ. ಬಾಲ್ಯವಿವಾಹ ತಡೆದು, ಗರ್ಭಿಣಿಯರ ರಕ್ತಹೀನತೆ ನೀಗಿಸಿದರೆ ಅವಧಿಪೂರ್ವ ಹೆರಿಗೆಗಳ ಅಪಾಯ ತಗ್ಗುತ್ತದೆ. ದಿನ ತುಂಬುವ ಮುನ್ನ ನೋವು ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ತಾಯಿಗೆ ನೀಡುವ ಚುಚ್ಚುಮದ್ದಿನಿಂದ ಹೊಟ್ಟೆಯೊಳಗಿನ ಶಿಶುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. 6, 10 ಮತ್ತು 14ನೇ ವಾರದ ಲಸಿಕೆ ತಪ್ಪದಿದ್ದರೆ ಗಂಟಲಮಾರಿ ದೂರ ಉಳಿಯುತ್ತದೆ.

ಮಾನ್ಯರೇ, ವೆಂಟಿಲೇಟರಿನ ಹಿಂದೆ ಸರ್ಕಾರದ ಹಣ, ವೈದ್ಯರ ಶ್ರಮ, ದಾದಿಯರ ನಿದ್ದೆಗೆಟ್ಟ ರಾತ್ರಿಗಳು, ತಂದೆತಾಯಿ ಅಡವಿಟ್ಟ ಒಡವೆಗಳು ಇವೆ. ಇಷ್ಟೆಲ್ಲದರಿಂದ ಉಳಿದ ಮಗುವಿಗೆ ಊರು ಕೊಡಬೇಕಾದದ್ದು ಮೂರು ತಿಂಗಳಲ್ಲಿ ನಾಲ್ಕು ಭೇಟಿ, ಪ್ರತಿ ಭೇಟಿಗೆ ಐದು ನಿಮಿಷದ ಮೌನ. ಆ ಮೌನದಲ್ಲಿ ಉಸಿರು ಸದ್ದಿಲ್ಲದೆ ಸಾಗಿದರೆ ಸಂತೋಷ. ಸದ್ದು ಕೇಳಿಸಿದರೆ ಅದೇ ದಿನ ತಾಯಿಯೊಂದಿಗೆ ಆಸ್ಪತ್ರೆಗೆ ಹೊರಡಬೇಕು. ಮುಂದಿನ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಈ ವಹಿಯ ಪುಟವನ್ನು ಮೊದಲ ವಿಷಯವಾಗಿ ಸೇರಿಸಿಕೊಳ್ಳಬೇಕೆಂದು ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ವಿನಂತಿ.